ಕಬ್ಬಿಣದ ಕಣಕ್ಕೆ ಎಷ್ಟು ದಿನದ ನೆನಪು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಪೈರು ತೆನೆಗಟ್ಟುವ ಕಾಲಕ್ಕೆ ಹೊಲದ ಒಂದು ಬದುವಿನಿಂದ ಇನ್ನೊಂದು ಬದುವಿಗೆ ಕಂದುಬಣ್ಣದ ತೆಳುವಾದ ಪಟ್ಟಿಯೊಂದನ್ನು ಬಿಗಿದು ಕಟ್ಟಿರುವುದನ್ನು ಓದುಗರಲ್ಲಿ ಕೆಲವರಾದರೂ ಕಂಡಿರಬಹುದು. ಗಾಳಿ ಬೀಸಿದಾಗ ಅದು ಗುಂಯ್‌ಗುಡುತ್ತದೆ, ಬಿಸಿಲಿಗೆ ಮಿರುಗುತ್ತದೆ, ಹಕ್ಕಿಗಳು ಬೆದರಿ ದೂರ ಸರಿಯುತ್ತವೆ. ಅದು ಹಳೆಯ ಧ್ವನಿಸುರುಳಿಯ, ಎಂದರೆ ಕ್ಯಾಸೆಟ್ಟಿನ, ಟೇಪು. ಅದರ ಮೇಲೆ ಒಮ್ಮೆ ಯಾರೋ ಹಾಡಿದ ಹಾಡು ಮುದ್ರಿತವಾಗಿತ್ತು. ಮುದ್ರಿತವಾಗಿತ್ತು ಎನ್ನುವುದೂ ಸರಿಯಲ್ಲ. ಪಟ್ಟಿ ಹರಿದು ಪುಡಿಯಾಗುವವರೆಗೆ, ಹಕ್ಕಿಗಳನ್ನು ಬೆದರಿಸುವ ಈ ಕೆಲಸದ ನಡುವೆಯೂ, ಆ ಹಾಡು ಅದರಲ್ಲಿ ಇದ್ದೇ ಇರುತ್ತದೆ.

ಈ ಪಟ್ಟಿಯ ರಚನೆ ಸರಳವಾದುದು. ಕೆಳಗೆ ಪಾಲಿಯೆಸ್ಟರಿನ ಗಟ್ಟಿಯಾದ ಹಾಳೆ. ಅದರ ಮೇಲೆ ಸುಮಾರು 5 ಮೈಕ್ರಾನ್ ದಪ್ಪದ ಲೇಪ. ನಮ್ಮ ತಲೆಗೂದಲಿನ ದಪ್ಪದಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲ. ಲೇಪವೂ ಒಂದು ಪಾಲಿಮರೇ, ಆದರೆ ಅದರೊಳಗೆ ಕಾಂತಗುಣವುಳ್ಳ ಸೂಕ್ಷ್ಮ ಕಣಗಳು ಕಿಕ್ಕಿರಿದು ಹುದುಗಿವೆ. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಇವು ಕಬ್ಬಿಣದ ಆಕ್ಸೈಡಿನ ಸೂಜಿಯಾಕಾರದ ಕಣಗಳು. 1979ರ ಸುಮಾರಿಗೆ ಬಂದ 'ಮೆಟಲ್' ಜಾತಿಯ ಟೇಪುಗಳಲ್ಲಿ ಶುದ್ಧ ಲೋಹದ ಕಣಗಳು, ಮುಂದೆ ಕಬ್ಬಿಣ ಮತ್ತು ಕೋಬಾಲ್ಟುಗಳ ಮಿಶ್ರಲೋಹದ ಕಣಗಳು. ಪಟ್ಟಿಯ ಮೇಲೆ ಕಾಂತಕಣಗಳನ್ನು ಅಂಟಿಸಿ ಧ್ವನಿಯನ್ನು ಹಿಡಿಯುವ ಉಪಾಯಕ್ಕೆ ಜರ್ಮನಿಯ ಫ್ರಿಟ್ಸ್ ಪ್ಫ್ಲಾಯ್ಮರ್ ಎಂಬಾತ 1928ರಲ್ಲಿ ಹಕ್ಕುಪತ್ರ ಪಡೆದನು. ಆತ ಬಳಸಿದುದು ಕಾಗದದ ಪಟ್ಟಿ. ಫಿಲಿಪ್ಸ್ ಸಂಸ್ಥೆಯ ಚಿಕ್ಕ ಕ್ಯಾಸೆಟ್ಟು ಬಂದುದು 1963ರಲ್ಲಿ. 1978ರಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದ ಮೇಲೆ ಕನ್ನಡದ ಭಾವಗೀತೆ ಮನೆಮನೆಯ ಕಪಾಟನ್ನು ಸೇರಿದ್ದು ಹಿರಿಯರಿಗೆ ನೆನಪಿರುತ್ತದೆ.

ಮನುಷ್ಯರ ನೆನಪಿನ ಮಾತು ಹಾಗಿರಲಿ. ಇಲ್ಲಿ ನಾವು ವಿಚಾರಿಸಬೇಕಾದುದು ಕಣದ ನೆನಪನ್ನು. ಒಂದು ಕಣವು ತನಗೆ ಒಮ್ಮೆ ಕೊಟ್ಟ ದಿಕ್ಕನ್ನು ಎಷ್ಟು ಕಾಲ ಹಿಡಿದುಕೊಂಡಿರಬಲ್ಲದು? ಕಣವನ್ನು ಕಿರಿದುಮಾಡುತ್ತ ಹೋದರೆ ಅದರ ನೆನಪು ಏನಾಗುತ್ತದೆ? ಈ ಎರಡನೆಯ ಪ್ರಶ್ನೆಯ ಉತ್ತರ ಬಹು ವಿಚಿತ್ರವಾದುದು.

ಮೊದಲು ಒಂದು ಮೊಳೆಯನ್ನು ತೆಗೆದುಕೊಳ್ಳೋಣ. ಕಬ್ಬಿಣದ ಒಂದೊಂದು ಪರಮಾಣುವೂ ಒಂದೊಂದು ಪುಟ್ಟ ಅಯಸ್ಕಾಂತ. ನೆರೆಹೊರೆಯ ಪರಮಾಣುಗಳು ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುವಂತೆ ಅವುಗಳ ನಡುವೆ ಬಲವಾದ ಕಟ್ಟುಂಟು. ಹಾಗಿದ್ದರೂ ಅಂಗಡಿಯಿಂದ ತಂದ ಮೊಳೆ ಇನ್ನೊಂದು ಮೊಳೆಯನ್ನು ಎಳೆಯುವುದಿಲ್ಲ. ಏಕೆಂದರೆ ಮೊಳೆಯ ಒಳಗು ಅಸಂಖ್ಯ ವಲಯಗಳಾಗಿ ಹರಿದುಹಂಚಿಹೋಗಿದೆ. ಒಂದು ವಲಯದ ಪರಮಾಣುಗಳು ಮೂಡಣಕ್ಕೆ ಮುಖಮಾಡಿದರೆ ಪಕ್ಕದ ವಲಯದವು ಪಡುವಣಕ್ಕೆ. ಒಂದರ ಕಾಂತಬಲವನ್ನು ಇನ್ನೊಂದು ತೊಡೆದುಹಾಕುತ್ತದೆ. ಹೊರಗಿನಿಂದ ಬಲವಾದ ಕಾಂತವನ್ನು ಹಿಡಿದಾಗ ವಲಯಗಳ ಗಡಿಗಳು ಸರಿದು, ಒಂದು ದಿಕ್ಕಿನವು ಹಿಗ್ಗಿ, ಮೊಳೆ ಅಯಸ್ಕಾಂತವಾಗುತ್ತದೆ.

ಈಗ ಮೊಳೆಯನ್ನು ಅರೆಯುತ್ತ ಅರೆಯುತ್ತ ಹೋಗೋಣ. ಕಣವು ಕೆಲವು ಹತ್ತು ನ್ಯಾನೋಮೀಟರಿಗೆ ಇಳಿದಾಗ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರು) ಅಷ್ಟು ಇಕ್ಕಟ್ಟಿನಲ್ಲಿ ಗಡಿ ಹಾಕಿಕೊಳ್ಳುವುದೇ ನಷ್ಟದ ವ್ಯಾಪಾರವಾಗುತ್ತದೆ. ಕಣವೆಲ್ಲ ಒಂದೇ ವಲಯವಾಗಿ ಉಳಿಯುತ್ತದೆ. ಅದರ ಸಾವಿರಾರು ಪರಮಾಣುಗಳು ಒಂದೇ ದೇಹದಂತೆ ಒಂದೇ ಕಡೆಗೆ ತಿರುಗಿರುತ್ತವೆ. ಅರೆದಷ್ಟೂ ಕಾಂತ ಬಲವಾಯಿತಲ್ಲ ಎಂದು ಸಂತೋಷಪಡಬಹುದು. ಒಂದು ಹಂತದವರೆಗೆ ಅದು ನಿಜವೂ ಹೌದು. ಒಂದೇ ವಲಯದ ಕಣದಲ್ಲಿ ಸರಿಸಲು ಗಡಿಯೇ ಇಲ್ಲವಾದುದರಿಂದ ಅದರ ದಿಕ್ಕನ್ನು ಬದಲಿಸುವುದು ಮೊಳೆಯ ದಿಕ್ಕನ್ನು ಬದಲಿಸುವುದಕ್ಕಿಂತ ಬಹಳ ಕಷ್ಟ. ಟೇಪಿಗೆ ಬೇಕಾದುದೂ ಇಂಥ ಕಣವೇ. ಆದರೆ ಇನ್ನೂ ಅರೆದರೆ ಆಟ ತಲೆಕೆಳಗಾಗುತ್ತದೆ.

ಅದು ಹೀಗೆ. ಕಣದ ಕಾಂತದಿಕ್ಕಿಗೆ ಎಲ್ಲ ಕಡೆಯೂ ಸಮಾನವಲ್ಲ. ಸ್ಫಟಿಕದ ರಚನೆಯಿಂದಲೋ ಕಣದ ಆಕಾರದಿಂದಲೋ ಒಂದು ನಿರ್ದಿಷ್ಟ ಅಕ್ಷ ಅದಕ್ಕೆ ಪ್ರಿಯವಾದುದು; ಆ ಅಕ್ಷದ ಇತ್ತ ಅಥವಾ ಅತ್ತ ಮುಖಮಾಡಿರಲು ಅದು ಬಯಸುತ್ತದೆ. ಇತ್ತಣಿಂದ ಅತ್ತ ತಿರುಗಬೇಕಾದರೆ ನಡುವೆ ಒಂದು ದಿಣ್ಣೆಯನ್ನು ಹತ್ತಿ ಇಳಿಯಬೇಕು. ಈ ಗುಣವನ್ನು ವಿಜ್ಞಾನಿಗಳು ಅನಿಸೋಟ್ರೊಪಿ ಎನ್ನುತ್ತಾರೆ. ನಾವು ಕಣದ ಹಠವೆಂದು ಕರೆಯೋಣ. ದಿಣ್ಣೆಯ ಎತ್ತರವು ಲೋಹದ ಹಠವನ್ನು ಕಣದ ಗಾತ್ರದಿಂದ ಗುಣಿಸಿದಷ್ಟು. ಕಣ ಚಿಕ್ಕದಾದಂತೆ ದಿಣ್ಣೆ ತಗ್ಗಾಗುತ್ತದೆ.

ಇನ್ನೊಂದು ಕಡೆ ಶಾಖವಿದೆ. ಯಾವ ವಸ್ತುವೂ ನಿಶ್ಚಲವಾಗಿಲ್ಲ. ಶಾಖವೆಂಬುದು ಅದರ ಪರಮಾಣುಗಳ ಎಡೆಬಿಡದ ಅಲುಗಾಟ. ಆ ಅಲುಗಾಟ ಕಣದ ಕಾಂತದಿಕ್ಕನ್ನೂ ಸದಾ ತಳ್ಳುತ್ತಿರುತ್ತದೆ. ದಿಣ್ಣೆ ಎತ್ತರವಾಗಿದ್ದಾಗ ಈ ತಳ್ಳಾಟದಿಂದ ಏನೂ ಆಗದು. ದಿಣ್ಣೆ ತಗ್ಗಿದಾಗಲೋ, ಒಂದಲ್ಲ ಒಂದು ಗಳಿಗೆಯಲ್ಲಿ ದಿಕ್ಕು ತಟ್ಟನೆ ಆಚೆಗೆ ಹೊರಳಿಬಿಡುತ್ತದೆ. ಹೊರಗಿನಿಂದ ಯಾರೂ ಮುಟ್ಟಬೇಕಾಗಿಲ್ಲ.

ಹೀಗೆ ಹೊರಳಲು ಸರಾಸರಿ ಎಷ್ಟು ಕಾಲ ಬೇಕೆಂಬ ಲೆಕ್ಕವನ್ನು ಫ್ರಾನ್ಸಿನ ಲೂಯಿ ನೀಲ್ 1949ರಲ್ಲಿ ಮಾಡಿದನು. ಸೂತ್ರವನ್ನು ಮಾತಿನಲ್ಲಿಯೇ ಹೇಳುವೆ. ದಿಣ್ಣೆಯ ಶಕ್ತಿಯನ್ನು ಶಾಖದ ಅಲುಗಾಟದ ಶಕ್ತಿಯಿಂದ ಭಾಗಿಸಿರಿ. ಬಂದ ಭಾಗಲಬ್ಧದಷ್ಟು ಸಲ 2.718ನ್ನು ಅದರಿಂದಲೇ ಗುಣಿಸಿರಿ. ಆ ಗುಣಲಬ್ಧವನ್ನು ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಿಂದ ಗುಣಿಸಿದರೆ ಕಾಯಬೇಕಾದ ಕಾಲ ದೊರೆಯುತ್ತದೆ. ಬಡ್ಡಿಗೆ ಬಡ್ಡಿ ಸೇರುವ ಸಾಲದ ಲೆಕ್ಕವನ್ನು ಬಲ್ಲವರಿಗೆ ಇದರ ಅಪಾಯ ಕೂಡಲೇ ಹೊಳೆಯಬೇಕು: ಭಾಗಲಬ್ಧ ಸ್ವಲ್ಪವೇ ಏರಿದರೆ ಕಾಲ ಸಾವಿರಪಟ್ಟು ಏರುತ್ತದೆ.

ಕೋಬಾಲ್ಟಿನ ದುಂಡು ಕಣಗಳಿಗೆ, ನಮ್ಮ ಕೋಣೆಯ 27 ಡಿಗ್ರಿ ಉಷ್ಣತೆಯಲ್ಲಿ, ಈ ಲೆಕ್ಕ ಹಾಕಿ ನೋಡೋಣ. ಗಟ್ಟಿ ಕೋಬಾಲ್ಟಿನ ಹಠವು ಪ್ರತಿ ಘನಮೀಟರಿಗೆ ಸುಮಾರು ನಾಲ್ಕೂವರೆ ಲಕ್ಷ ಜೂಲ್. ಕಣದ ಅಡ್ಡಳತೆ 7 ನ್ಯಾನೋಮೀಟರು ಇದ್ದರೆ ಭಾಗಲಬ್ಧ ಹತ್ತೊಂಬತ್ತೂವರೆ. ಕಣದ ನೆನಪು ಒಂದು ಸೆಕೆಂಡಿನ ಮೂರರಲ್ಲೊಂದು ಪಾಲು. 8 ನ್ಯಾನೋಮೀಟರಾದರೆ ಒಂದು ಗಂಟೆಗೆ ಸ್ವಲ್ಪ ಮೇಲೆ. 9 ಆದರೆ ಸುಮಾರು 30 ವರ್ಷ. 10 ಆದರೆ ಸುಮಾರು 16 ಕೋಟಿ ವರ್ಷ! ಏಳಕ್ಕೂ ಹತ್ತಕ್ಕೂ ಇರುವ ಅಂತರ ಹತ್ತು ಹನ್ನೆರಡು ಪರಮಾಣುಗಳನ್ನು ಸಾಲಾಗಿ ಇಟ್ಟಷ್ಟು ಮಾತ್ರ. ಅಷ್ಟರೊಳಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮರೆಯುವ ಕಣವೂ, ಡೈನೋಸಾರುಗಳ ಕಾಲದಲ್ಲಿ ಕಲಿತದ್ದನ್ನು ಇಂದಿಗೂ ಮರೆಯದ ಕಣವೂ ಅಡಗಿವೆ. ನಿಜವಾದ ಕಣಗಳಲ್ಲಿ ಮೇಲ್ಮೈಯ ಪರಮಾಣುಗಳ ವರ್ತನೆಯಿಂದ ಈ ಅಂಕಿಗಳು ಹಿಂದುಮುಂದಾಗುತ್ತವೆ. ಆದರೆ ಏರಿಕೆಯ ಈ ಕಡಿದು ಸ್ವಭಾವ ಬದಲಾಗುವುದಿಲ್ಲ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯ ಕಣಗಳನ್ನು ಮಾಡುವುದಕ್ಕಾಗಿ ರಸಾಯನವಿಜ್ಞಾನಿಗಳು ಏಕೆ ಅಷ್ಟು ಹೆಣಗುತ್ತಾರೆಂಬುದು ಇದರಿಂದ ತಿಳಿಯುತ್ತದೆ. 7ರಿಂದ 9ರವರೆಗಿನ ಕಣಗಳು ಬೆರೆತ ಹಾಳೆಯಲ್ಲಿ ಅರ್ಧ ಮಾತು ಸೆಕೆಂಡಿನಲ್ಲಿ ಅಳಿದು ಇನ್ನರ್ಧ ಒಂದು ತಲೆಮಾರು ಉಳಿಯುತ್ತದೆ.

ಬೇಗ ಮರೆಯುವ ಕಣಗಳನ್ನು ನಿಷ್ಪ್ರಯೋಜಕವೆಂದು ತಳ್ಳಿಬಿಡಬಾರದು. ಹೊರಗಿನ ಕಾಂತವನ್ನು ಹತ್ತಿರ ತಂದರೆ ಅವೆಲ್ಲ ಅತಿ ಸುಲಭವಾಗಿ ಅದರತ್ತ ತಿರುಗುತ್ತವೆ; ಕಾಂತವನ್ನು ದೂರಮಾಡಿದರೆ ಚೆಲ್ಲಾಪಿಲ್ಲಿಯಾಗಿ, ಒಟ್ಟು ಕಾಂತತ್ವ ಸೊನ್ನೆಯಾಗುತ್ತದೆ. ಬಿಡಿಬಿಡಿ ಪರಮಾಣುಗಳಲ್ಲಿ ಕಾಣುವ ಪ್ಯಾರಾಕಾಂತತ್ವದ ವರ್ತನೆಯೇ ಇದು. ಆದರೆ ಇಲ್ಲಿ ತಿರುಗುವುದು ಒಂದು ಪರಮಾಣುವಲ್ಲ, ಹದಿನಾರು ಸಾವಿರ ಪರಮಾಣುಗಳ ಒಂದು ತಂಡ. ಆದುದರಿಂದ ಇದಕ್ಕೆ ಸೂಪರ್‌ಪ್ಯಾರಾಕಾಂತತ್ವವೆಂಬ ಹೆಸರು ಬಂದಿದೆ.

ಈ ಹೆಸರಿನಲ್ಲಿ ಒಂದು ಸ್ವಾರಸ್ಯವುಂಟು. ಕಣವು ಕಾಂತವೋ ಅಲ್ಲವೋ ಎಂಬುದು ಕಣವನ್ನು ಮಾತ್ರ ಅವಲಂಬಿಸಿಲ್ಲ, ನೋಡುವವನ ತಾಳ್ಮೆಯನ್ನೂ ಅವಲಂಬಿಸಿದೆ. ನೂರು ಸೆಕೆಂಡು ಹಿಡಿಯುವ ಅಳತೆಯಲ್ಲಿ ನಮ್ಮ 7 ನ್ಯಾನೋಮೀಟರಿನ ಕಣ ಮುನ್ನೂರು ಸಲ ಹೊರಳಿ, ಯಾವ ದಿಕ್ಕೂ ಇಲ್ಲದಂತೆ ತೋರುತ್ತದೆ. ಒಂದು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲಿನಲ್ಲಿ ಚಿತ್ರ ತೆಗೆಯಬಲ್ಲ ಮ್ಯೋಸ್‌ಬೌವರ್ ವಿಧಾನದಂಥ ಅಳತೆಗೆ ಅಂಥದೇ ನೆನಪಿನ ಕಬ್ಬಿಣದ ಕಣವೊಂದು ಅಚಲವಾದ ಅಯಸ್ಕಾಂತವಾಗಿ ಕಾಣುತ್ತದೆ. ಎರಡೂ ಸುಳ್ಳಲ್ಲ. ತಣಿಸಿದರೂ ಹೀಗೆಯೇ. ಅದೇ 7 ನ್ಯಾನೋಮೀಟರಿನ ಕೋಬಾಲ್ಟಿನ ಕಣವನ್ನು ದ್ರವ ನೈಟ್ರೊಜನ್ನಿನಲ್ಲಿ ಅದ್ದಿದರೆ ಭಾಗಲಬ್ಧ 76ಕ್ಕೆ ಏರಿ, ನೆನಪು ವಿಶ್ವದ ವಯಸ್ಸನ್ನೂ ಮೀರುತ್ತದೆ. ಆದ್ದರಿಂದ ಇಂಥ ಹಾಳೆಗಳನ್ನು ಪರೀಕ್ಷಿಸುವವರು ಅವನ್ನು ಕಾಂತವಿಲ್ಲದೆ ಚೆನ್ನಾಗಿ ತಣಿಸಿ, ಬಳಿಕ ಸಣ್ಣ ಕಾಂತಕ್ಷೇತ್ರದಲ್ಲಿಟ್ಟು ಮೆಲ್ಲಮೆಲ್ಲನೆ ಕಾಯಿಸುತ್ತಾರೆ. ಹೆಪ್ಪುಗಟ್ಟಿದ ದಿಕ್ಕುಗಳು ಒಂದೊಂದಾಗಿ ಬಿಡುಗಡೆ ಹೊಂದಿ ಕ್ಷೇತ್ರದತ್ತ ತಿರುಗುವುದರಿಂದ ಕಾಂತತ್ವ ಏರುತ್ತದೆ. ಒಂದು ಉಷ್ಣತೆಯಲ್ಲಿ ಶಿಖರ ಮುಟ್ಟಿ, ಆಮೇಲೆ ಶಾಖದ ಗದ್ದಲದಲ್ಲಿ ಇಳಿಯುತ್ತದೆ. ಆ ಶಿಖರವೇ ಕಣಗಳ ತಡೆ ಉಷ್ಣತೆ.

ಇನ್ನು ಪಾಲಿಮರಿನ ವಿಷಯ. ಕಣಗಳನ್ನು ಹಾಳೆಯಲ್ಲಿ ಹುದುಗಿಸುವುದು ಅಲಂಕಾರಕ್ಕಲ್ಲ. ಲೋಹದ ಅತಿ ನಯವಾದ ಪುಡಿ ಗಾಳಿ ಸೋಕಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಯಾಗಿ ಬಿಟ್ಟರೆ ಕಣಗಳು ಪರಸ್ಪರ ಸೆಳೆದುಕೊಂಡು ಮುದ್ದೆಗಟ್ಟುತ್ತವೆ. ಮುದ್ದೆಯಾದ ಮೇಲೆ ಸಣ್ಣ ಕಣದ ಗುಣವೆಲ್ಲಿ? ಪಾಲಿಮರು ಅವನ್ನು ದೂರದೂರ ಇರಿಸಿ ಕಾಯುತ್ತದೆ. ವಿದ್ಯುತ್ತನ್ನು ಹರಿಯಗೊಡದ ಕಾರಣ, ವೇಗವಾಗಿ ಬದಲಾಗುವ ಕ್ಷೇತ್ರಗಳಲ್ಲಿ ಲೋಹದ ತುಂಡಿನೊಳಗೆ ಏಳುವ ಸುಳಿವಿದ್ಯುತ್ತಿನ ನಷ್ಟವನ್ನೂ ತಪ್ಪಿಸುತ್ತದೆ.

ಕಣ ಹೊರಳುವುದೆಂದರೆ ಕಣವೇ ಉರುಳುವುದೆಂದು ತಿಳಿಯಬಾರದು. ಇಲ್ಲಿ ನಮ್ಮ ಸೀಮೆಯ ಉಂಡೆಕೊಬ್ಬರಿ ಒಳ್ಳೆಯ ಹೋಲಿಕೆ. ಹಸಿ ತೆಂಗಿನಕಾಯಿಯಲ್ಲಿ ತಿರುಳು ಚಿಪ್ಪಿಗೆ ಕಚ್ಚಿಕೊಂಡಿರುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಮೇಲೆ ಗಿಟುಕು ಚಿಪ್ಪು ಬಿಟ್ಟು ಕಳಚಿ, ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು ಮಾಡುತ್ತದೆ. ಪಾಲಿಮರಿನ ಹಾಳೆಯಲ್ಲಿರುವ ಕಣ ಹಸಿ ಕಾಯಿಯ ತಿರುಳಿನಂತೆ. ಅದು ಕಚ್ಚಿಕೊಂಡು ಕುಳಿತಿರುತ್ತದೆ, ಅದರೊಳಗಿನ ಕಾಂತದಿಕ್ಕು ಮಾತ್ರ ತಿರುಗುತ್ತದೆ. ಅಂಥವೇ ಕಣಗಳನ್ನು ಎಣ್ಣೆಯಲ್ಲಿ ತೇಲಿಬಿಟ್ಟರೆ ಗಿಟುಕಿನಂತೆ ಕಣಕ್ಕೆ ಕಣವೇ ಉರುಳಬಲ್ಲದು. ಇಂಥ ಕಾಂತದ್ರವವನ್ನು 1963ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಸ್ಟೀಫನ್ ಪೇಪೆಲ್ ತಯಾರಿಸಿದನು.

ತೆಂಗಿನ ಸಂಬಂಧ ಹೋಲಿಕೆಗಷ್ಟೇ ಮುಗಿಯುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಮೆ ಅರ್ಧ ಪಾಲು ಲಾರಿಕ್ ಆಮ್ಲ. ಅದರ ಅಣುವಿನಲ್ಲಿ ಹನ್ನೆರಡು ಇಂಗಾಲದ ಪರಮಾಣುಗಳ ಸರಪಳಿಯುಂಟು. ಅದೇ ಉದ್ದದ ಸರಪಳಿಯ ತುದಿಗೆ ನೈಟ್ರೊಜನ್ ಸೇರಿದ ವಸ್ತು ಡೋಡೆಸೈಲಮೀನ್. ಇದರ ನೈಟ್ರೊಜನ್ ತುದಿ ಕಣವನ್ನು ಹಿಡಿದುಕೊಂಡರೆ ಬಾಲಗಳು ಹೊರಗೆ ಚಾಚಿ, ತೆಂಗಿನ ಗುಂಜಿನಂತೆ ಕಣವನ್ನು ಸುತ್ತುವರಿದು, ಒಂದನ್ನೊಂದು ಮುಟ್ಟಗೊಡುವುದಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್, ಜಿ. ಯು. ಕುಲಕರ್ಣಿ ಮತ್ತು ಅವರ ಸಂಗಡಿಗರು ಇಂಥ ಗುಂಜು ತೊಡಿಸಿದ ಕಾಂತಕಣಗಳ ಬಗ್ಗೆ 2002ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರು ಮಾಡಿದ ಒಂದು ಬಗೆಯ ಕಣದಲ್ಲಿ 561 ಪಲ್ಲಾಡಿಯಂ ಪರಮಾಣುಗಳ ತಿರುಳು, ಅದರ ಸುತ್ತ ಸುಮಾರು 3000 ನಿಕ್ಕಲ್ ಪರಮಾಣುಗಳ ಕವಚ; ಅಡ್ಡಳತೆ ಕೇವಲ 3.3 ನ್ಯಾನೋಮೀಟರು. ಕಣಗಳು ತಾವಾಗಿಯೇ ಸಾಲುಸಾಲಾಗಿ ಒಪ್ಪವಾಗಿ ಕುಳಿತುಕೊಂಡವು. ಆದರೆ ಕೆಲ್ವಿನ್ ಮಾನದ 5 ಡಿಗ್ರಿಗೆ, ಎಂದರೆ ಸೊನ್ನೆಗಿಂತ 268 ಸೆಂಟಿಗ್ರೇಡ್ ಡಿಗ್ರಿ ಕೆಳಗೆ, ತಣಿಸಿದರೂ ಅವು ಸೂಪರ್‌ಪ್ಯಾರಾಕಾಂತವಾಗಿಯೇ ಉಳಿದವು. ಅಷ್ಟು ಚಳಿಯಲ್ಲೂ ಮರೆವು!

ಕಾರಣ ನಿಕ್ಕಲ್ಲಿನ ಹಠದ ಕೊರತೆ. ಗಟ್ಟಿ ಲೋಹಗಳನ್ನು ಹೋಲಿಸಿದರೆ ಕಬ್ಬಿಣದ ಹಠ ಕೋಬಾಲ್ಟಿನ ಹತ್ತರಲ್ಲೊಂದು ಪಾಲು. ನಿಕ್ಕಲ್ಲಿನದು ನೂರರಲ್ಲೊಂದು ಪಾಲಿನಷ್ಟು. ಮಿಶ್ರಲೋಹಗಳ ಮಹಿಮೆ ಇಲ್ಲಿಯೇ ಇರುವುದು. ಕಬ್ಬಿಣದ ಜೊತೆಗೆ ಪ್ಲಾಟಿನಂ ಬೆರೆಸಿರಿ. ಪ್ಲಾಟಿನಂ ಸ್ವತಃ ಅಯಸ್ಕಾಂತವಲ್ಲ. ಆದರೂ ಎರಡರ ಪರಮಾಣುಗಳು ಒಂದು ಪದರ ಕಬ್ಬಿಣ, ಒಂದು ಪದರ ಪ್ಲಾಟಿನಂ ಎಂಬಂತೆ ಕ್ರಮವಾಗಿ ಕುಳಿತರೆ ಹಠ ಕೋಬಾಲ್ಟಿನ ಸುಮಾರು ಹದಿನೈದರಷ್ಟಾಗುತ್ತದೆ. 4 ನ್ಯಾನೋಮೀಟರಿನ ಕೋಬಾಲ್ಟ್ ಕಣ ಸೆಕೆಂಡಿನ ಕೋಟಿಯಲ್ಲೊಂದು ಪಾಲಿನೊಳಗೆ ಎಲ್ಲವನ್ನೂ ಮರೆತರೆ, ಅಷ್ಟೇ ಗಾತ್ರದ ಕಬ್ಬಿಣ-ಪ್ಲಾಟಿನಂ ಕಣಕ್ಕೆ ಹಿಂದಿನ ಸೂತ್ರವು ಐವತ್ತು ಲಕ್ಷ ವರ್ಷದ ನೆನಪನ್ನು ಕೊಡುತ್ತದೆ. ಇಂಥ ಕಣಗಳನ್ನು ದ್ರಾವಣದಲ್ಲಿ ಒಂದೇ ಅಳತೆಗೆ ಬೆಳೆಸುವ ವಿಧಾನವನ್ನು ಐ.ಬಿ.ಎಂ. ಸಂಸ್ಥೆಯ ಶೌಹೆಂಗ್ ಸುನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಒಂದೇ ತೊಡಕು. ದ್ರಾವಣದಿಂದ ಬಂದ ಕಣಗಳಲ್ಲಿ ಪರಮಾಣುಗಳು ಅಡ್ಡಾದಿಡ್ಡಿಯಾಗಿರುತ್ತವೆ. ಪದರಪದರವಾಗಿ ಕೂರಿಸಲು 500 ಡಿಗ್ರಿಗೂ ಮೀರಿ ಕಾಯಿಸಬೇಕು. ಆ ಬಿಸಿಗೆ ಸಾಮಾನ್ಯ ಪಾಲಿಮರುಗಳು ಕರಿಕಾಗುತ್ತವೆ, ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹಠವನ್ನು ಕಲಿಸಹೋದರೆ ಕಾಯುವ ಹಾಳೆಯೇ ಸುಟ್ಟುಹೋಗುವ ಸಂದಿಗ್ಧ ಇದು.

ಹಾಗಾದರೆ ನಮ್ಮ ಕ್ಯಾಸೆಟ್ಟಿನ ಗತಿ ಏನು? ಅದರ ಆಕ್ಸೈಡು ಸೂಜಿಗಳು 300ರಿಂದ 500 ನ್ಯಾನೋಮೀಟರು ಉದ್ದವಾದವು. ಆಕಾರ ಉದ್ದುದ್ದವಾಗಿರುವುದರಿಂದಲೇ ಹಠವೂ ಉಂಟು. ಅವುಗಳ ಭಾಗಲಬ್ಧ ನಲವತ್ತು ಐವತ್ತರ ಮಾತಲ್ಲ, ನೂರುಗಳ ಲೆಕ್ಕದ್ದು. ಅವು ಮರೆಯುವುದಿಲ್ಲ. ಆದರೆ ಗಿರಣಿಯಲ್ಲಿ ಅರೆದ ಯಾವ ಪುಡಿಯಲ್ಲೂ ನುಚ್ಚು ಇರುವಂತೆ ಈ ಸೂಜಿಗಳ ನಡುವೆಯೂ ಮುರಿದ ಚೂರುಗಳಿರುತ್ತವೆ. ಅವು ಮರೆಗುಳಿತನದ ಅಂಚಿನಲ್ಲಿರುವ ಕಣಗಳು. ಇವುಗಳ ಕಿಡಿಗೇಡಿತನವನ್ನು ಕಿವಿಯಿಂದಲೇ ಕೇಳಬಹುದು. ಬಹುಕಾಲ ಸುತ್ತಿಟ್ಟ ಟೇಪನ್ನು ನುಡಿಸುವಾಗ, ನಿಶ್ಶಬ್ದದ ನಡುವೆ, ಗಾಯಕಿ ಬಾಯಿತೆರೆಯುವ ಮೊದಲೇ ಅವಳ ದನಿ ಬಹು ಕ್ಷೀಣವಾಗಿ ಕೇಳಿಸುವುದುಂಟು. ಸುರುಳಿಯಲ್ಲಿ ಒಂದು ಸುತ್ತಿನ ಕಾಂತಕ್ಷೇತ್ರ ಪಕ್ಕದ ಸುತ್ತನ್ನು ತಟ್ಟುತ್ತಿರುತ್ತದೆ. ಗಟ್ಟಿ ಸೂಜಿಗಳು ಅದನ್ನು ಲಕ್ಷಿಸವು. ಚೂರುಗಳು ಶಾಖದ ತಳ್ಳಾಟಕ್ಕೆ ಸಿಕ್ಕಿ ನಿಧಾನವಾಗಿ ಅತ್ತ ತಿರುಗಿ, ಪಕ್ಕದ ಸುತ್ತಿನ ಹಾಡಿನ ನೆರಳನ್ನು ಹೊತ್ತುಕೊಳ್ಳುತ್ತವೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರು ಓಡುವುದರಿಂದ, ಸುರುಳಿಯ ಸುತ್ತಳತೆಗೆ ಅನುಸಾರವಾಗಿ, ಈ ನೆರಳು ಮೂಲಧ್ವನಿಗಿಂತ ಒಂದೂವರೆಯಿಂದ ಮೂರು ಸೆಕೆಂಡು ಮುಂಚೆಯೋ ಹಿಂದೆಯೋ ಬೀಳುತ್ತದೆ. ಅಣಕಿಸುವ ಆ ದನಿ ನೀಲ್‌ನ ಸಮೀಕರಣದ್ದು. ಇಟ್ಟ ಕೋಣೆ ಬಿಸಿಯಾದಷ್ಟೂ ನೆರಳು ಗಾಢವಾಗುತ್ತದೆ. ದೊಡ್ಡ ಸುರುಳಿಗಳನ್ನು ಕಾಪಾಡುವ ಭಂಡಾರಗಳಲ್ಲಿ ನುಡಿಸಿದ ಮೇಲೆ ಹಿಂದಕ್ಕೆ ಸುತ್ತದೆ ಕೊನೆ ಹೊರಗಿರುವಂತೆಯೇ ಬಿಡುವ ರೂಢಿಗೆ ಇದೇ ಕಾರಣ: ಆಗ ಬಲವಾದ ನೆರಳು ಮೂಲದ ಹಿಂದೆ ಬಿದ್ದು, ಹಾಡಿನಲ್ಲಿಯೇ ಮುಚ್ಚಿಹೋಗುತ್ತದೆ.

ನಿಜವಾದ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಮರೆಯದ ಕಣಗಳನ್ನು ಹಿಡಿದಿರುವ ಪಾಲಿಮರಿಗೆ ಮುಪ್ಪು ಬರುತ್ತದೆ. 1970 ಮತ್ತು 80ರ ದಶಕಗಳಲ್ಲಿ ತಯಾರಾದ ಕೆಲವು ಧ್ವನಿಮುದ್ರಣಾಲಯದ ಟೇಪುಗಳ ಅಂಟು ಪಾಲಿಯುರೆಥೇನ್ ಜಾತಿಯದು. ಗಾಳಿಯ ತೇವವನ್ನು ಹೀರಿ ಅದರ ಸರಪಳಿಗಳು ಕಡಿಯುತ್ತವೆ, ಲೇಪ ಜಿಗುಟಾಗುತ್ತದೆ. ಯಂತ್ರಕ್ಕೆ ಹಾಕಿದರೆ ಟೇಪು ಕೀಚಲುದನಿ ಮಾಡುತ್ತ, ಹಾಡನ್ನು ಹೊತ್ತ ಕಂದು ಹುಡಿಯನ್ನೇ ಯಂತ್ರದ ತಲೆಗೆ ಮೆತ್ತುತ್ತ ಓಡುತ್ತದೆ. ದಿಕ್ಕು ತಪ್ಪದ ಕಣಗಳು ಜಾಗ ತಪ್ಪುತ್ತವೆ. ಹಳ್ಳಿಯ ಮುದುಕಿಯರ ಸೋಬಾನೆ, ರಾಗಿ ಬೀಸುವ ಪದಗಳನ್ನು ಮತ್ತೆ ಹಾಡುವವರಿಲ್ಲದಿರುವಾಗ ಇದು ಸಣ್ಣ ನಷ್ಟವಲ್ಲ.

ಇಂಥ ಟೇಪುಗಳಿಗೆ ಕಂಡುಕೊಂಡ ಚಿಕಿತ್ಸೆ ಕೇಳಿದವರನ್ನು ಬೆಚ್ಚಿಬೀಳಿಸುತ್ತದೆ: 50 ಡಿಗ್ರಿಗೆ ತುಸು ಮೇಲೆ, ನಿಯಂತ್ರಿತ ಒಲೆಯಲ್ಲಿ, ಹಲವು ಗಂಟೆ ಬೇಯಿಸುವುದು. ಅಂಟಿನ ಜಿಗುಟು ತಾತ್ಕಾಲಿಕವಾಗಿ ಇಳಿಯುತ್ತದೆ. ಕೆಲವು ವಾರಗಳೊಳಗೆ ನುಡಿಸಿ ಗಣಕಕ್ಕೆ ಇಳಿಸಿಕೊಳ್ಳಬೇಕು. ಶಾಖವು ನೆನಪಿನ ಶತ್ರುವೆಂದು ಇಷ್ಟು ಹೊತ್ತು ಹೇಳಿ ಈಗ ಬೇಯಿಸುವುದೆ? ಲೆಕ್ಕ ಹಾಕೋಣ. ಕೆಲ್ವಿನ್ ಮಾನದಲ್ಲಿ 300 ಡಿಗ್ರಿಯಿಂದ 327ಕ್ಕೆ ಏರಿದರೆ ಭಾಗಲಬ್ಧ ಹನ್ನೆರಡರಲ್ಲೊಂದು ಪಾಲು ಇಳಿಯುತ್ತದೆ. ನಮ್ಮ 9 ನ್ಯಾನೋಮೀಟರಿನ ಕೋಬಾಲ್ಟಿಗೆ ಇದು ದೊಡ್ಡ ಪೆಟ್ಟು. 30 ವರ್ಷದ ನೆನಪು ಒಂದು ವರ್ಷಕ್ಕೆ ಕುಸಿಯುತ್ತದೆ. ಟೇಪಿನ ಗಟ್ಟಿ ಸೂಜಿಯ ಭಾಗಲಬ್ಧ ನೂರಾರಿದ್ದುದು ನೂರಾರಾಗಿಯೇ ಉಳಿಯುತ್ತದೆ. ಆ ಹಲವು ಗಂಟೆಗಳಲ್ಲಿ ನೆರಳುದನಿ ಸ್ವಲ್ಪ ಗಾಢವಾದೀತು; ಹಾಡು ಅಲುಗುವುದಿಲ್ಲ. ಮನೆಯ ಒಲೆಯಲ್ಲಿ ಇದನ್ನು ಪ್ರಯೋಗಿಸಬಾರದು. ಎಲ್ಲ ಟೇಪಿಗೂ ಈ ರೋಗವಿಲ್ಲ. ಮನೆಯ ಕ್ಯಾಸೆಟ್ಟುಗಳಲ್ಲಿ ಇದು ವಿರಳ, ಅವಕ್ಕೆ ಬೂಷ್ಟು ಹಿಡಿಯದಂತೆ ಒಣಗಿದ ತಂಪಾದ ಜಾಗ, ನೇರ ಬಿಸಿಲು ಮತ್ತು ದೊಡ್ಡ ಧ್ವನಿವರ್ಧಕದ ಅಯಸ್ಕಾಂತಗಳಿಂದ ದೂರವಿದ್ದರೆ ಸಾಕು. ಕಪಾಟಿನಲ್ಲಿ ಅಜ್ಜಿಯ ದನಿಯ ಕ್ಯಾಸೆಟ್ಟಿದ್ದು ಊರಿನಲ್ಲಿ ಸುಸ್ಥಿತಿಯ ಟೇಪ್ ರೆಕಾರ್ಡರ್ ಇನ್ನೂ ಉಳಿದಿದ್ದರೆ, ಅದರ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ, ಒಂದು ಸಲ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಮೊದಲ ಸಲ ನುಡಿಸುವಾಗಲೇ ನಕಲು ತೆಗೆದುಕೊಳ್ಳಿರಿ.